ಮೂಗುಮೇಷ್ಟ್ರ ಮೂವತ್ತು ಡಬ್ಬ

ಇಂಜಿನ್ ಆಯಿಲ್ ಅಗ್ಗಕ್ಕೆ ಸಿಕ್ಕರೆ ಯಾರಾದರೂ ಎಷ್ಟು ಕೊಂಡಾರು? ಒಂದು ಡಬ್ಬ, ಹೆಚ್ಚೆಂದರೆ ಎರಡು. ಮೂಗುಮೇಷ್ಟ್ರು ಕೊಂಡದ್ದು ಮೂವತ್ತು. ಬಾಗಿಲು ಹಾಕಲಿದ್ದ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ರಾಶಿ ಹಾಕಿದ್ದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಹಾಗೆ ಕಾರು ತುಂಬಿಕೊಂಡು ಬಂದರು. ಮಂಚದ ಕೆಳಗೆ ಡಬ್ಬ, ಬೀರುವಿನ ಹಿಂದೆ ಡಬ್ಬ, ಬಚ್ಚಲಿನ ಅಟ್ಟದ ಮೇಲೂ ಡಬ್ಬ.

"ಇನ್ಮೇಲೆ ಮಗ್ಗುಲಾಗ್ಬೇಕಾದ್ರೂ ನಿಮ್ ಡಬ್ಬಗಳ ಅಪ್ಪಣೆ ಕೇಳ್ಬೇಕೇನೋ," ಎಂದು ಹೆಂಡತಿ ನಕ್ಕಳು.

ಅವಳಿಗಾಗಿಯೇ ತಂದದ್ದು. ಅವಳ ಎರಡು ಮೂತ್ರಪಿಂಡಗಳೂ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಊರಾಚೆಯ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಬೇಕು. ಆ ಕಡೆಗೆ ಬೆಳಗ್ಗೆ ಬಸ್ಸಿಲ್ಲ. ಹದಿನೆಂಟು ವರ್ಷದ ಕಾರೊಂದೇ ಗತಿ, ಅದೋ ಹಾಲು ಕುಡಿಯುವ ಕೂಸಿನಂತೆ ಆಯಿಲ್ ಕುಡಿಯುತ್ತಿತ್ತು. ಕಾರು ನಿಂತರೆ ಹೆಂಡತಿ ನಿಲ್ಲುತ್ತಾಳೆ ಎಂಬ ಭಯ ಮೇಷ್ಟ್ರ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಅವರು ಪಾಠ ಹೇಳುವ ಮೇಷ್ಟ್ರಲ್ಲ. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದವರು. ಒಂದು ತೊಟ್ಟು ಎಣ್ಣೆಯನ್ನು ಹೆಬ್ಬೆರಳಿಗೆ ಹಚ್ಚಿ, ತೋರುಬೆರಳಲ್ಲಿ ತಿಕ್ಕಿ, ಕಣ್ಣುಮುಚ್ಚಿ ಮೂಸುತ್ತಿದ್ದರು. "ಇದು ನೀರು ಕುಡಿದಿದೆ," "ಇದು ಬೆಂದುಹೋಗಿದೆ," ಎಂದರೆ ಮುಗಿಯಿತು, ಮೇಲಿನ ಅಧಿಕಾರಿಯೂ ಎದುರಾಡುತ್ತಿರಲಿಲ್ಲ. ಹಾಗೆ ಬಂದದ್ದು ಆ ಹೆಸರು. ನಿವೃತ್ತರಾದ ಮೇಲೂ ಬೀದಿಯವರು ಆಯಿಲು, ಪೆಟ್ರೋಲು, ಕೊನೆಗೆ ಅನುಮಾನದ ಅಡುಗೆ ಎಣ್ಣೆಯನ್ನೂ ತಂದು ಅವರ ಮೂಗಿನ ಮುಂದೆ ಹಿಡಿಯುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೆಲ್ಲ ಗಂಟುಕಟ್ಟಿಕೊಂಡು ಹೋಯಿತು. ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಜಂಬ ಅಡ್ಡ ಬಂತು. ಮೂಗಿಲ್ಲದ ಮೂಗುಮೇಷ್ಟ್ರು ಅಂದರೆ ಬೀದಿ ನಗುವುದಿಲ್ಲವೇ? ತಿಕ್ಕಿದಾಗ ಬೆರಳಿಗೆ ಸಿಗುವಷ್ಟು ಬುದ್ಧಿಯಲ್ಲೇ ಕಾಲ ತಳ್ಳಿದರು, ಮೂಸುವ ನಾಟಕವನ್ನು ಮಾತ್ರ ಬಿಡಲಿಲ್ಲ. ಅಂಗಡಿಯಲ್ಲೂ ಹಾಗೇ ಮಾಡಿದರು. ಜಿಡ್ಡು ಸರಿಯಿತ್ತು, ಬಣ್ಣ ಸರಿಯಿತ್ತು. ಕಣ್ಣುಮುಚ್ಚಿ ಮೂಸಿ "ಚಿನ್ನ!" ಅಂದರು. ಆ ಒಂದು ಮಾತಿಗೆ ಬೇಕರಿಯವನೂ ಸೇರಿ ಬೀದಿಯ ನಾಲ್ಕು ಮನೆಯವರು ಅವರಿಂದ ಡಬ್ಬ ಒಯ್ದು ತಮ್ಮ ಗಾಡಿಗಳಿಗೆ ಸುರಿದುಕೊಂಡರು.

ಅದಾಗಿ ಮೂರನೇ ವಾರ. ಆಸ್ಪತ್ರೆಯ ಯಂತ್ರ ಕೆಟ್ಟು ಹೆಂಡತಿಯ ಒಂದು ಸರದಿ ತಪ್ಪಿಹೋಗಿತ್ತು. ನಾಲ್ಕು ದಿನದ ನೀರು ಮೈಯಲ್ಲೇ ನಿಂತು ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ರಾತ್ರಿಯೆಲ್ಲ ದಿಂಬಿಗೊರಗಿ ಕೂತೇ ಇದ್ದಳು. ಈ ಸರದಿ ಮಾತ್ರ ತಪ್ಪಿಸಬೇಡಿ, ಎದೆಗೆ ನೀರು ತುಂಬುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಖಂಡಿತವಾಗಿ ಹೇಳಿದ್ದರು. ಸರದಿ ಒಂಬತ್ತಕ್ಕೆ. ಒಂಬತ್ತೂವರೆ ದಾಟಿದರೆ ಕುರ್ಚಿ ಮುಂದಿನವರ ಪಾಲು.

ಅರ್ಧ ದಾರಿಯಲ್ಲಿ ಕೆಂಪು ದೀಪ ಹತ್ತಿತು. ಇಂಜಿನ್ನು ಟಕಟಕ ಎಂದಿತು, ಆಮೇಲೆ ದಡದಡ ಎಂದಿತು. ಮೇಷ್ಟ್ರು ಗಾಡಿಯನ್ನು ರಸ್ತೆಯ ಅಂಚಿಗೆ ತರುವಷ್ಟರಲ್ಲಿ ಒಳಗೆಲ್ಲೋ ಕಬ್ಬಿಣ ಕಬ್ಬಿಣವನ್ನು ಕಚ್ಚಿ ಹಿಡಿದು, ಎಲ್ಲ ಸದ್ದೂ ಒಮ್ಮೆಲೇ ನಿಂತುಹೋಯಿತು. ಬಾನೆಟ್ ಎತ್ತಿ ಅಳತೆಕಡ್ಡಿ ಎಳೆದರು. ಅದರ ತುದಿಗೆ ಅಂಟಿಕೊಂಡಿದ್ದದ್ದು ಆಯಿಲ್ ಅಲ್ಲ, ಕೀಲೆಣ್ಣೆಯಂಥ ಕಪ್ಪು ಕೆಸರು. ಬೆರಳಲ್ಲಿ ತಿಕ್ಕಿದರೆ ಮರಳು. ಯಾರೋ ಬಳಸಿ ಬಿಸಾಕಿದ ಆಯಿಲನ್ನು ಸೋಸಿ, ಬಣ್ಣ ತಿದ್ದಿ ಡಬ್ಬಕ್ಕೆ ತುಂಬಿದ್ದರು. ಮೂಗಿದ್ದವನಿಗೆ ಮುಚ್ಚಳ ತೆಗೆದ ಕ್ಷಣವೇ ಗೊತ್ತಾಗುವ ಮೋಸ.

"ಏನಾಯ್ತು ರೀ?"

"ನಂಗೆ ವಾಸನೆ ಬರಲ್ಲ ಕಣೇ," ಅಂದರು ಮೇಷ್ಟ್ರು. ಕೇಳಿದ್ದಕ್ಕೆ ಅದು ಉತ್ತರವಲ್ಲ, ಆದರೆ ಬಾಯಿಂದ ಬಂದದ್ದು ಅದೇ. "ಜ್ವರ ಬಂದಾಗಿನಿಂದ."

"ಗೊತ್ತು. ಅವತ್ತು ಹಾಲು ತಳಹಿಡಿದು ಮನೆಯೆಲ್ಲ ಹೊಗೆ, ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ." ಒಂದೊಂದು ಮಾತಿಗೂ ಅವಳು ಉಸಿರನ್ನು ಎಳೆದುಕೊಳ್ಳಬೇಕಾಗಿತ್ತು. "ಕಾರಲ್ಲೂ ಸುಟ್ಟ ವಾಸನೆ ಬರ್ತಿತ್ತು. ನಂಗೆ ಈಗ ಎಲ್ಲದ್ರಲ್ಲೂ ತುಕ್ಕಿನ ವಾಸನೆನೇ ಅಲ್ವಾ, ಇದೂ ನನ್ ಕಾಯಿಲೆದೇ ಅಂದ್ಕೊಂಡೆ."

ಗಂಟೆ ಒಂಬತ್ತಾಗಲು ಹತ್ತು ನಿಮಿಷವಿತ್ತು. ಮೇಷ್ಟ್ರು ರಸ್ತೆಗಿಳಿದು ಎರಡೂ ಕೈ ಎತ್ತಿ ನಿಂತರು. ಹಿಂದೆಂದೂ ಇನ್ನೊಬ್ಬರ ಗಾಡಿಗೆ ಕೈಯೊಡ್ಡದ ಮನುಷ್ಯ ಬೈಕಿಗೂ ಲಾರಿಗೂ ಕೈಮುಗಿದರು. ಯಾರೂ ನಿಲ್ಲಿಸಲಿಲ್ಲ. ಒಬ್ಬ ಹಾರ್ನ್ ಹೊಡೆದು ಬೈದುಕೊಂಡೇ ಹೋದ. ಆಂಬುಲೆನ್ಸಿಗೆ ಫೋನ್ ಮಾಡಿದರೆ ನಲವತ್ತು ನಿಮಿಷವಾಗುತ್ತದೆ ಅಂದರು. ಕಾರಿನೊಳಗೆ ಹೆಂಡತಿಯ ತುಟಿ ನೀಲಿಗೆ ತಿರುಗುತ್ತಿತ್ತು. ಮೇಷ್ಟ್ರು ಹುಚ್ಚರಂತೆ ನಟ್ಟನಡು ರಸ್ತೆಗೆ ಹೋಗಿ ನಿಂತೇಬಿಟ್ಟರು.

ಬ್ರೇಕು ಕಿರುಚಿ ಒಂದು ವ್ಯಾನು ನಿಂತಿತು. ನೋಡಿದರೆ ಬೇಕರಿಯವನು, ಬ್ರೆಡ್ಡು ಹಂಚಲು ಹೊರಟವನು.

"ಮೇಷ್ಟ್ರೇ! ಸಾಯ್ಬೇಕು ಅಂತ ಇದೀರಾ?" ಎಂದವನು ಕಾರಿನೊಳಗೆ ಒಮ್ಮೆ ನೋಡಿ ಮಾತು ನಿಲ್ಲಿಸಿದ. ಬ್ರೆಡ್ಡಿನ ಟ್ರೇಗಳನ್ನು ರಸ್ತೆಯಂಚಿಗೇ ಇಳಿಸಿ ಜಾಗ ಮಾಡಿದ. ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದರು.

ವ್ಯಾನು ಹೊರಟ ಮೇಲೆ ಮೇಷ್ಟ್ರಿಗೆ ನೆನಪಾಯಿತು. ಈ ಇಂಜಿನ್ನಿನಲ್ಲೂ ಅದೇ ಆಯಿಲ್. ಸಣ್ಣಗೆ ಟಕಟಕ ಆಗಲೇ ಶುರುವಾಗಿತ್ತು. ಈಗಲೇ ಹೇಳಿದರೆ ಇವನು ನಿಲ್ಲಿಸಬಹುದು, ನಿಲ್ಲಿಸಿ ಹೊಸ ಆಯಿಲ್ ಹಾಕಿಸಿದರೆ ವ್ಯಾನು ಉಳಿಯುತ್ತದೆ. ಆ ವ್ಯಾನೇ ಅವನ ಮನೆಯ ಅನ್ನ. ಹೇಳದೆ ಹೋದರೆ ಇವಳು ಉಳಿಯುತ್ತಾಳೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಒಂದ್ ಮಾತು ಹೇಳ್ಬೇಕಿತ್ತಪ್ಪಾ," ಎಂದು ಬಾಯಿ ತೆರೆದರು.

ಹೆಂಡತಿ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ತನಗೆ ಅಂತ ಏನನ್ನೂ ಕೇಳಿದವಳಲ್ಲ.

"ತಲುಪಿದ್ಮೇಲೆ ಹೇಳಿ," ಎಂದಳು, ಅವರಿಗೊಬ್ಬರಿಗೇ ಕೇಳುವಂತೆ. "ನಂಗೆ ಭಯ ಆಗ್ತಿದೆ ರೀ."

"ಏನು ಮೇಷ್ಟ್ರೇ?" ಎಂದ ಬೇಕರಿಯವನು.

"ಏನಿಲ್ಲ. ಬೇಗ ಹೋಗು."

ಅವನು ಬೇಗ ಹೋದ. ಬೇಗ ಹೋದಷ್ಟೂ ಇಂಜಿನ್ನು ಗಟ್ಟಿಯಾಗಿ ಬಡಿದುಕೊಂಡಿತು. ಮೇಷ್ಟ್ರು ಕೆಮ್ಮಿದರು, ಹವಾಮಾನದ ಮಾತಾಡಿದರು, ಆ ಸದ್ದನ್ನು ಮುಚ್ಚಲು ಬಾಯಿಗೆ ಬಂದದ್ದನ್ನೆಲ್ಲ ಒದರಿದರು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು, ಆದರೂ ನಿಲ್ಲಿಸಲಿಲ್ಲ. ಒಂಬತ್ತು ಇಪ್ಪತ್ತೈದಕ್ಕೆ ಆಸ್ಪತ್ರೆಯ ಬಾಗಿಲು ಸಿಕ್ಕಿತು. ನರ್ಸು ರೇಗುತ್ತಲೇ ಗಾಲಿಕುರ್ಚಿ ತಳ್ಳಿಕೊಂಡು ಓಡಿದಳು. ಯಂತ್ರ ತಿರುಗತೊಡಗಿದ್ದನ್ನು ಗಾಜಿನ ಆಚೆಯಿಂದ ಕಣ್ಣಾರೆ ನೋಡಿದ ಮೇಲೆಯೇ ಮೇಷ್ಟ್ರು ಹೊರಗೆ ಬಂದರು.

ಬೇಕರಿಯವನು ಬಾನೆಟ್ ಎತ್ತಿ ನಿಂತಿದ್ದ. ಕೀಲಿ ತಿರುಗಿಸಿದರೆ ವ್ಯಾನು ಮಿಸುಕುತ್ತಿರಲಿಲ್ಲ.

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಮೂಗು ಸತ್ತದ್ದು, ಡಬ್ಬದ ಮೋಸ, ದಾರಿಯಲ್ಲಿ ಬೇಕೆಂದೇ ಬಾಯಿಮುಚ್ಚಿಕೊಂಡದ್ದು. "ಬೈಯಪ್ಪಾ. ಎರಡು ಬಾರಿಸಿದ್ರೂ ಸರಿ," ಅಂದರು.

ಅವನು ಬೈಯಲಿಲ್ಲ. ಕೈಗಂಟಿದ ಕೆಸರನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ದಿನಾ ಒಲೆ ಮುಂದೆ ನಿಲ್ಲೋನು ನಾನು, ಸುಟ್ಟ ವಾಸನೆ ಗೊತ್ತಾಗಲ್ವಾ ಮೇಷ್ಟ್ರೇ? ಡಬ್ಬ ತೆಗೆದಾಗ್ಲೇ ಮೂಗಿಗೆ ಬಡೀತು."

"ಮತ್ಯಾಕೆ ಹೇಳ್ಲಿಲ್ಲ?"

"ನೀವು ಮೂಸಿ ಚಿನ್ನ ಅಂದಿದ್ರಲ್ಲ. ನನ್ ಮೂಗೇ ಕೆಟ್ಟೋಯ್ತು ಅಂದ್ಕೊಂಡೆ. ಬ್ರೆಡ್ ಸುಟ್ರೆ ಗೊತ್ತಾಗದೆ ಹೋದೀತು ಅಂತ ಹೆದರ್ಕೊಂಡು, ಡಾಕ್ಟ್ರಿಗೂ ತೋರ್ಸ್ಕೊಂಡು ಬಂದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಮೇಷ್ಟ್ರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು, ಹೋಗಿಬರುವವರೆಲ್ಲ ನೋಡುತ್ತಿದ್ದಂತೆಯೇ ಗಟ್ಟಿಯಾಗಿ ಅತ್ತರು. ನಾಡಿದ್ದು ಒಂಬತ್ತಕ್ಕೆ ಅವಳ ಮುಂದಿನ ಸರದಿಯಿತ್ತು.