ಒಂದೇ ನೆಲಕ್ಕೆ ಮೂರು ಪೊರಕೆ

ನಿಕೊಲಾಸಾಳ ಕಸೂತಿ ಯಂತ್ರ ಮತ್ತೆ ನಿಂತಿತು. ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ಒರುರೊ ಊರಿನ ಕಸೂತಿ ಬೀದಿಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ದೆವ್ವದ ಕುಣಿತದವರಿಗೆ ಮೇಲಂಗಿ ಬೇಕು, ಅದರ ಬೆನ್ನ ಮೇಲೆ ಜರಿಯ ಹಾವು ಬೇಕು. ಈ ಸಲ ಹಾವಿನ ಕಣ್ಣು ಹೋಗಿ ದವಡೆಯ ಮೇಲೆ ಕೂತಿತ್ತು. ಯಂತ್ರವನ್ನು ನಡೆಸುವ ಕಂಪ್ಯೂಟರ್ ನಡುವೆ ತೂಕಡಿಸಿದರೆ ತಂತಿಯಲ್ಲಿ ಬರುವ ಚಿತ್ತಾರ ತಡವಾಗುತ್ತದೆ, ಸೂಜಿ ನಿಲ್ಲುತ್ತದೆ, ಮತ್ತೆ ಹೊರಟಾಗ ಜಾಗ ತಪ್ಪುತ್ತದೆ.

ನಿಕೊಲಾಸಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳು ಕಂಪ್ಯೂಟರನ್ನು ನೋಡಲಿಲ್ಲ. ಅದರ ಮುಂದೆ ಕೂತಿದ್ದ ಅಣ್ಣನ ಮಗಳು ಯೋಲಾಳ ಮೇಲೆ ಹರಿಹಾಯ್ದಳು.

"ಏನೇನ್ ತುಂಬಿಸ್ತಿದೀಯೇ ಇದ್ರೊಳಗೆ? ಹಾಡೋ, ಸಿನಿಮಾನೋ?"

"ನಾನೇನೂ ತುಂಬಿಸಿಲ್ಲ ಅತ್ತೆ. ಪರದೆ ಮೇಲೆ ಆ ಕೆಂಪು ಕಿಟಕಿ ಬಂದಾಗೆಲ್ಲ ನೀವೇ ಒತ್ತೋದು. ಬೇಡ ಅಂತ ಎಷ್ಟ್ ಸಲ..."

"ಬಾಯ್ಮುಚ್ಚು! ಮಾಡೋದೆಲ್ಲ ಮಾಡಿ ನನ್ ಮೇಲೇ ಗೂಬೆ ಕೂರಿಸ್ತೀಯಾ? ಏಳು ಮೇಲೆ. ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ!"

ಅಳತೆ ಕೊಡಲು ಬಂದಿದ್ದ ಗಿರಾಕಿಗಳೆಲ್ಲ ಕೇಳಿಸಿಕೊಂಡರು. ಯೋಲಾ ಶಾಲು ಹೊದ್ದು ಹೊರಟುಹೋದಳು. ಹಾವಿನ ಚಿತ್ತಾರ ಬಿಡಿಸುವವಳೇ ಅವಳು. ಅವಳಿಲ್ಲದೆ ಈ ಅಂಗಡಿ ನಡೆಯುವುದು ಕಷ್ಟ ಎಂದು ನಿಕೊಲಾಸಾಳಿಗೂ ಗೊತ್ತಿತ್ತು. ಸಿಟ್ಟು ಅದನ್ನು ನೆನಪಿಸಿಕೊಳ್ಳಲು ಬಿಡಲಿಲ್ಲ.

ಮಾರನೆಯ ದಿನ ಯೋಲಾ ಇರಲಿಲ್ಲ. ಆದರೂ ಯಂತ್ರ ಊಟದ ಹೊತ್ತಿಗೆ ಮುಂಚೆಯೇ ಮತ್ತೆ ಮತ್ತೆ ನಿಂತಿತು. ಅದೇ ಹೊತ್ತಿಗೆ ಬೆನಿತಾ ಬಂದಳು. ಮೂಲೆಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟವಳು. ನಿಕೊಲಾಸಾಳ ಮಗನ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು. ಅಂದಿನಿಂದ ಇಬ್ಬರೂ ಪರಸ್ಪರ 'ಕೊಮಾದ್ರೆ' ಎಂದೇ ಕರೆಯುತ್ತಾರೆ. ಮಾತೆ ಮರಿಯಮ್ಮನಿಗೆ ಹರಕೆ ಹೊತ್ತು ಈ ವರ್ಷ ಕುಣಿಯುವವಳು ಬೆನಿತಾ.

"ಕೊಮಾದ್ರೆ, ನನ್ ಮೇಲಂಗಿ ಎಲ್ಲಿ?"

"ಹಾವಿಗೆ ಕಣ್ಣಿಲ್ಲ, ಈ ಡಬ್ಬಕ್ಕೆ ಮಾನ ಮರ್ಯಾದೆ ಇಲ್ಲ!" ಎಂದು ನಿಕೊಲಾಸಾ ಕಂಪ್ಯೂಟರಿನ ತಲೆಗೊಂದು ಬಿಗಿದಳು.

"ಅದಕ್ಯಾಕೆ ಹೊಡೀತೀರಾ? ತಡೀರಿ." ಬೆನಿತಾ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಗಳನ್ನು ಒಟ್ಟಿಗೆ ಒತ್ತಿದಳು. ಪರದೆಯ ತುಂಬ ಹೆಸರುಗಳು ಬಂದವು.

"ಇವ್ಯಾವುವು?"

"ಹಿಂದೆ ಕೂತು ಕೆಲಸ ಮಾಡೋ ಪ್ರೋಗ್ರಾಮ್‌ಗಳು. ನಮ್ ಕಣ್ಣಿಗೆ ಬೀಳಲ್ಲ, ಅಷ್ಟೇ."

"ಕಳ್ಳ ಮುಂಡೇವು! ನನ್ ಅಂಗಡೀಲಿ ನಂಗೇ ಕಾಣದ ಹಾಗೆ ಕೂತಿದಾವಾ?" ನಿಕೊಲಾಸಾ ಮೌಸ್ ಕಿತ್ತುಕೊಂಡು ಸಿಕ್ಕಸಿಕ್ಕದ್ದನ್ನೆಲ್ಲ ಮುಚ್ಚತೊಡಗಿದಳು. ಕಸೂತಿಯ ಪ್ರೋಗ್ರಾಮ್ ಕೂಡ ಅದರಲ್ಲಿ ಹೋಯಿತು. ಸೂಜಿ ಬಟ್ಟೆಯೊಳಗೇ ಸಿಕ್ಕಿಕೊಂಡಿತು.

ಈಗ ಬೆನಿತಾಳಿಗೂ ರೇಗಿತು. "ನಿಮ್ಮ ಸಿಟ್ಟಿಗಿಷ್ಟು ಬೆಂಕಿ ಹಾಕ! ಕಾಣದವರೆಲ್ಲ ಕಳ್ಳರಾ? ನಿಮ್ ಹಿಂದಿನ ಕೋಣೇಲಿ ದಾರ ಸುತ್ತೋರು, ಮಣಿ ಪೋಣಿಸೋರು ಇಲ್ವಾ? ಅವರನ್ನ ಓಡಿಸಿದ್ರೆ ಮುಂದೆ ಕೂತ ನೀವೇನ್ ಹೊಲೀತೀರಾ? ಹೆಸರು ಗೊತ್ತಿಲ್ದೆ ಯಾವುದನ್ನೂ ಮುಚ್ಚಬಾರದು."

ಕಂಪ್ಯೂಟರನ್ನು ಮತ್ತೆ ಶುರುಮಾಡಿ ಬೆನಿತಾ ಮೂರು ಹೆಸರುಗಳ ಮೇಲೆ ಬೆರಳಿಟ್ಟಳು. "ನೋಡಿ. ಈ ಮೂರೂ ಕಂಪ್ಯೂಟರ್ ಶುಚಿ ಮಾಡ್ತೀವಿ, ಕಾಪಾಡ್ತೀವಿ ಅನ್ನೋವು. ಕಂಪ್ಯೂಟರ್ ಹಚ್ಚಿದ ಕೂಡ್ಲೇ ತಾವಾಗೇ ಎದ್ದು ಎಲ್ಲ ಫೈಲುಗಳನ್ನೂ ತಡಕಾಡ್ತಾ ಇರ್ತವೆ."

"ಗುಡಿಸೋದು ಒಳ್ಳೇದೇ ತಾನೇ? ಮೂರು ಪೊರಕೆ ಇದ್ರೆ ಇನ್ನೂ ಚೊಕ್ಕಟ."

"ನೀವು ಹೊಲಿಯೋವಾಗ ನಿಮ್ ಕಾಲಡಿ ಮೂರು ಜನ ಗುಡಿಸಿದ್ರೆ? ಒಬ್ಬಳು ಗುಡ್ಡೆ ಹಾಕಿದ್ದನ್ನ ಇನ್ನೊಬ್ಬಳು ಕೆದಕಿದ್ರೆ?"

"ಪೊರಕೆ ಕಿತ್ಕೊಂಡು ಬಾರಿಸ್ತೀನಿ!"

"ಇಲ್ಲಾಗ್ತಿರೋದೂ ಅದೇ. ಕಂಪ್ಯೂಟರಿಗಿರೋ ಶಕ್ತಿಯೆಲ್ಲ ಇವು ತಿಂದ್ರೆ ನಿಮ್ ಸೂಜಿಗೇನ್ ಉಳೀತು?"

"ಎಲ್ಲ ಯೋಲಾಳ ಕಿತಾಪತಿ..." ಎಂದು ನಿಕೊಲಾಸಾ ಶುರುಮಾಡುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಕಿಟಕಿ ತೆರೆಯಿತು. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ! ಈಗಲೇ ಉಚಿತವಾಗಿ ಶುಚಿ ಮಾಡಿ!' ಮಾತಾಡುತ್ತಲೇ ನಿಕೊಲಾಸಾಳ ಕೈ ತಾನಾಗಿ ಅದನ್ನು ಒತ್ತಲು ಹೋಯಿತು. ಬೆನಿತಾ ಗಪ್ಪನೆ ಮಣಿಕಟ್ಟು ಹಿಡಿದಳು.

"ಯಾರ ಕಿತಾಪತಿ ಅಂದ್ರಿ?"

ನಿಕೊಲಾಸಾ ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಆ ಕಿಟಕಿಯಿಂದ ಬಂದು ಕೂತಿದ್ದ ಎರಡು ಪ್ರೋಗ್ರಾಮ್‌ಗಳನ್ನು ಬೆನಿತಾ ಬೇರುಸಹಿತ ಕಿತ್ತುಹಾಕಿದಳು. ಕಂಪ್ಯೂಟರ್ ಜತೆಯಲ್ಲೇ ಬಂದಿದ್ದ ಮೂರನೆಯದನ್ನು ಮುಟ್ಟಲಿಲ್ಲ. "ಇದು ವೈರಸ್ ಕಾಯೋದು, ಇರ್ಲೇಬೇಕು. ಇದು ಎಲ್ಲ ಫೈಲು ತಪಾಸಣೆ ಮಾಡೋದನ್ನ ನಿಮ್ ಊಟದ ಹೊತ್ತಿಗೆ ಇಟ್ಟಿದೀನಿ. ಆಗ ಸೂಜಿಗೂ ಬಿಡುವು." ಸಿಕ್ಕಿದ್ದ ಸೂಜಿ ಬಿಡಿಸಿ ಹೊಸ ಬಟ್ಟೆ ಹಾಕಿದ ಮೇಲೆ ಯಂತ್ರ ಹೊರಟಿತು. ಹಾವಿನ ಕಣ್ಣು ಕಣ್ಣಿರಬೇಕಾದ ಜಾಗದಲ್ಲೇ ಮೂಡಿತು.

ನಿಕೊಲಾಸಾ ಅದನ್ನು ನೋಡುತ್ತ ನಿಲ್ಲಲಿಲ್ಲ. ಎದುರು ಸಾಲಿನ ಕಸೂತಿ ಅಂಗಡಿಗೆ ದಾಪುಗಾಲು ಹಾಕಿದಳು. ಯೋಲಾ ಅಲ್ಲಿ ಕೆಲಸಕ್ಕೆ ಕೂತಿದ್ದಳು.

"ಯೋಲಾ, ಮನೆಗ್ ನಡಿ."

"ಎಲ್ರ ಮುಂದೆ ಬೈದ್ರಿ ಅತ್ತೆ. ಹೇಳೋದಿದ್ರೆ ಎಲ್ರ ಮುಂದೇನೇ ಹೇಳಿ."

ನಿಕೊಲಾಸಾ ಅಂಗಡಿಯ ತುಂಬ ಇದ್ದ ಗಿರಾಕಿಗಳ ಕಡೆ ತಿರುಗಿದಳು. ಈಗಲೂ ಅವಳ ದನಿ ಬೈದಂತೆಯೇ ಇತ್ತು, ಆದರೆ ಬೈಗುಳ ತನಗೇ. "ಕೇಳಿ ಎಲ್ರೂ! ಕಂಡಕಂಡದ್ದನ್ನ ಒತ್ತಿ ಕಂಪ್ಯೂಟರ್ ಹಾಳ್ಮಾಡಿದ್ದು ನಾನು. ಇವಳು ಬೇಡ ಅಂದ್ಲು. ನಾನು ಇವಳನ್ನೇ ಓಡಿಸಿದೆ. ತಪ್ಪು ನಂದು!"

ಯೋಲಾ ಕಣ್ಣೊರೆಸಿಕೊಂಡಳು. "ಕಾರ್ನಿವಲ್‌ವರೆಗೆ ಇಲ್ಲಿರ್ತೀನಿ ಅಂತ ಈ ಅಂಗಡಿಯವರಿಗೆ ಮಾತು ಕೊಟ್ಟಿದೀನಿ ಅತ್ತೆ. ಮುಗಿದ್ಮೇಲೆ ಬರ್ತೀನಿ."

ಕೇಳಿದಿರಲ್ಲ? ಈಗ ನಿಮ್ಮ ಸರದಿ. ಹೆದರಿಸಿ ಪುಕ್ಕಟೆ ಶುಚಿ ಮಾಡಿಕೊಡುತ್ತೇನೆಂದು ಬರುವ ಕಿಟಕಿಗಳು ನಿಮ್ಮ ಪರದೆಗೂ ಬರುತ್ತವೆ. ಇಂಥ ಕಿಟಕಿ ಕಳಿಸುವವರಿಗೆ ನಾಚಿಕೆಯಿಲ್ಲ. ನಾವಾದರೂ ಎಚ್ಚರವಾಗಿರೋಣ, ಒತ್ತದಿರೋಣ. ವೈರಸ್ ಕಾಯುವ ಪ್ರೋಗ್ರಾಮ್ ಒಂದೇ ಸಾಕು. ಅದರ ದೊಡ್ಡ ತಪಾಸಣೆಯನ್ನು ನೀವು ಕೆಲಸ ಮಾಡದ ಹೊತ್ತಿಗೆ ಇಡಿ. ಹಿಂದೆ ಏನೇನು ನಡೆಯುತ್ತಿದೆ ಎಂದು ಆಗಾಗ ತೆರೆದು ನೋಡಿ, ತಿಳಿಯದಿದ್ದರೆ ಮುಚ್ಚುವ ಮೊದಲು ಬಲ್ಲವರನ್ನು ಕೇಳಿ. ಕಂಪ್ಯೂಟರ್ ನಿಧಾನವಾಯಿತೆಂದು ಮನೆಮಕ್ಕಳ ಮೇಲೆ ಕೂಗಾಡುವ ಮೊದಲು, ಆ ಕೆಂಪು ಕಿಟಕಿಯನ್ನು ಒತ್ತಿದ್ದು ಯಾರ ಬೆರಳು ಎಂದು ಒಮ್ಮೆ ನಿಮ್ಮ ಕೈಯನ್ನೇ ನೋಡಿಕೊಳ್ಳಿ.