ಕತ್ತರಿಸಿದ ಅಂಚು

ನನ್ನ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಗೋಡೆಯ ಮೇಲಿನ ಆ ಪಟದತ್ತ. ಚೌಕಟ್ಟು ನೇರವಾಗಿಯೇ ಇದೆ, ಒಳಗಿನ ಕಡಲು ಮಾತ್ರ ಎಡಕ್ಕೆ ವಾಲಿದೆ. ಪಟದ ಕೆಳಗೆ ಎಡತುದಿಯಲ್ಲಿ ನೂಲಿನಷ್ಟು, ಬಲತುದಿಯಲ್ಲಿ ಬೆರಳಿನಷ್ಟು ಅಗಲದ ಖಾಲಿ ಜಾಗ. "ಊರಿಗೆಲ್ಲ ಪಟ ತೆಗೆಯುವವನಿಗೆ ಸ್ವಂತದ್ದನ್ನು ನೆಟ್ಟಗೆ ಅಂಟಿಸಲು ಬರಲಿಲ್ಲವೇ?" ಎಂದು ಗೆಳೆಯರು ಕಾಲೆಳೆಯುತ್ತಾರೆ. ನಾನೂ ನಕ್ಕುಬಿಡುತ್ತೇನೆ. ನೆಟ್ಟಗೆ ಮಾಡುವ ಚಟವೇ ನನ್ನನ್ನು ಒಮ್ಮೆ ಕೆಡಿಸಿತ್ತು.

ಆ ಪಟ ತೆಗೆದದ್ದು ಒಂದು ದ್ವೀಪದಲ್ಲಿ. ಅದರ ನಡುವೆ ಬೆಂಕಿಬೆಟ್ಟ, ಸುತ್ತಲೂ ಕಪ್ಪು ಮರಳು. ಯಾವುದೋ ಕಾಲದಲ್ಲಿ ನಮ್ಮ ಕರಾವಳಿಯಿಂದ ಹಡಗು ಹತ್ತಿ ಹೋದವರ ಮೊಮ್ಮಕ್ಕಳು ಬೆಟ್ಟದ ಹೆಗಲಿನ ಮೇಲೆ ಮನೆ ಕಟ್ಟಿಕೊಂಡು ಲವಂಗ ಬೆಳೆಯುತ್ತಿದ್ದರು. ನಾನು ಹೋಗುವ ಹೊತ್ತಿಗೆ ನೆಲ ಎರಡು ಸಲ ನಡುಗಿ, ಅವರೆಲ್ಲ ಕೆಳಗಿಳಿದು ದಡದ ಶೆಡ್ಡುಗಳಲ್ಲಿ ದಿನ ದೂಡುತ್ತಿದ್ದರು. ನನಗೆ ಊಟ ಹಾಕಿ ಜಾಗ ಕೊಟ್ಟವಳು ಜಲಜಕ್ಕ. ಅವಳ ಅಣ್ಣ ಐತಪ್ಪನವರು ಆ ಹದಿನಾರು ಮನೆಗಳ ಗುರಿಕಾರರು. ಅವರು ಹೂಂ ಅನ್ನದೆ ಅಲ್ಲಿ ಒಂದು ಕೋಳಿಯೂ ಜಾಗ ಬದಲಿಸುತ್ತಿರಲಿಲ್ಲ.

ಮೀನು ಒಣಗಿಸುವವರು, ಬೂದಿ ಕೊಡವಿಕೊಳ್ಳುವ ಎಮ್ಮೆಗಳು, ಬಂಡೆಯ ಬಿರುಕಿನಲ್ಲಿ ಚಿಗುರಿದ ಜರಿಗಿಡ, ಕಂಡದ್ದನ್ನೆಲ್ಲ ತೆಗೆದೆ. ಆದರೆ ದಿನಕ್ಕೊಂದು ಪಟ ಮಾತ್ರ ತಪ್ಪದೆ ಒಂದೇ ಜಾಗದಿಂದ. ಖಾಲಿಯಾದ ಊರಿನ ಮೇಲ್ಗಡೆ ಒಂದು ಬಂಡೆ ಇತ್ತು. ಅದರಲ್ಲಿ ಮೂರು ಕುಳಿ ಕೊರೆದು, ಕ್ಯಾಮೆರಾದ ಮೂರು ಕಾಲುಗಳನ್ನು ಅವುಗಳಲ್ಲೇ ಊರಿ, ಬೆಳಗಿನ ಬೆಳಕಿನಲ್ಲಿ ಕೆಳಗಿನ ಮನೆಗಳ ಮಾಡುಗಳನ್ನೂ ಆಚೆಯ ಕಡಲನ್ನೂ ತೆಗೆಯುತ್ತಿದ್ದೆ. ತೊಳೆದ ಪಟಗಳಲ್ಲಿ ಕಡಲಿನ ಗೆರೆ ತುಸು ಓರೆ ಬರುತ್ತಿತ್ತು. ಕಾಲಿನ ತಿರುಪು ಸಡಿಲಾಗಿರಬೇಕು ಎಂದುಕೊಂಡು ಕೆಳಗಿನ ಅಂಚನ್ನು ಕತ್ತರಿಸಿ ನೇರ ಮಾಡುತ್ತಿದ್ದೆ. ಅಕ್ಕಿಯಿಂದ ಕಲ್ಲು ಆರಿಸಿದಷ್ಟೇ ಸಹಜವಾದ ಕೆಲಸ, ಯಾರಿಗೂ ಹೇಳುವಂಥದ್ದಲ್ಲ.

ಇಪ್ಪತ್ತೊಂದನೆಯ ಸಂಜೆ ಗುರಿಕಾರರು ಬಂದರು. "ನೀವು ದಿನಾ ಅದೇ ಕಲ್ಲಿನ ಮೇಲಿಂದ ತೆಗೆಯುದಲ್ವಾ? ಗುಡ್ಡೆ ಅಲ್ಲಾಡಿದ್ರೆ ಪಟದಲ್ಲಿ ಗೊತ್ತಾಗ್ಬೇಕಲ್ಲ. ಎಲ್ಲಾ ತನ್ನಿ, ನೋಡುವ."

ಅವರ ಬುದ್ಧಿಗೆ ನಾನು ಬೆರಗಾದೆ. ಚಾಪೆಯ ಮೇಲೆ ಪಟಗಳನ್ನು ಸಾಲಾಗಿ ಇಟ್ಟೆವು. ಅವರು ನೂಲು ಎಳೆದು ಹಿಡಿದು ಒಂದೊಂದರಲ್ಲೂ ಕಡಲಿನ ಗೆರೆಯನ್ನು ಪರೀಕ್ಷಿಸಿದರು. ಎಲ್ಲವೂ ಒಂದೇ ಸಮ.

"ಗುಡ್ಡೆ ಸುಮ್ಮನಾಗಿದೆ," ಎಂದರು. "ಲವಂಗ ಕೊಯ್ಯದೆ ಹಾಳಾಗ್ತಾ ಉಂಟು. ನಾಳೆ ಬೆಳಿಗ್ಗೆ ಎಲ್ಲರೂ ಮೇಲೆ ಹೋಗುವ. ಈ ಕೊನೇದ್ದು ನಂಗೆ ಕೊಡಿ ಮಾರಾಯ್ರೆ, ಮನೆಯಲ್ಲಿ ಹಾಕ್ತೇನೆ."

ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ.

ಮರುದಿನ ಬೆಳಗಾಗುತ್ತಲೇ ಊರು ಮೇಲೇರಿತು. ಪಾತ್ರೆ ಕಟ್ಟಲು ಹಿಂದೆ ಉಳಿದವಳು ಜಲಜಕ್ಕ ಒಬ್ಬಳೇ. ಚಹಾ ಕುಡಿಯಲು ಅವಳ ಅಡುಗೆಮೂಲೆಗೆ ಹೋದವನು ಹಲಗೆಗೋಡೆಯನ್ನು ನೋಡಿ ನಿಂತುಬಿಟ್ಟೆ. ನಾನು ಕತ್ತರಿಸಿ ಎಸೆದ ಅಂಚುಗಳನ್ನು ಅವಳು ಗಂಜಿ ಹಚ್ಚಿ ಒಂದರ ಕೆಳಗೊಂದು ಅಂಟಿಸಿದ್ದಳು.

"ಮನೆ ಬಿಟ್ಟ ದಿನಗಳ ಗುರ್ತಕ್ಕೆ," ಎಂದಳು. "ದಿನಕ್ಕೊಂದು ಬಿಸಾಡ್ತಿದ್ರಲ್ಲ ನೀವು. ಆದ್ರೆ ನಿಮ್ಮ ಕೈಗೆ ಎಂತ ಆಗಿದೆ ಮಾರಾಯ್ರೆ? ಮೊದಲಿಂದು ನೂಲಿನ ಹಾಗೆ ಉಂಟು, ಬರ್ತಾ ಬರ್ತಾ ಬೆರಳಿನಷ್ಟು ದಪ್ಪ!"

ಒಂದೊಂದು ದಿನವೂ ಹಿಂದಿನ ದಿನಕ್ಕಿಂತ ಹೆಚ್ಚು ಕತ್ತರಿಸಿದ್ದೆ. ಕ್ಯಾಮೆರಾದ ಕಾಲುಗಳನ್ನು ತಂದು ಪಕ್ಕಪಕ್ಕದಲ್ಲಿಟ್ಟು ಅಳೆದೆ. ಮೂರೂ ಸಮ, ತಿರುಪುಗಳು ಬಿಗಿಯಾಗಿಯೇ ಇದ್ದವು. ವಾಲುತ್ತಿದ್ದದ್ದು ಕ್ಯಾಮೆರಾ ಅಲ್ಲ, ಅದರ ಕೆಳಗಿನ ಬಂಡೆ. ಬಂಡೆಯೆಂದರೆ ಬೆಟ್ಟದ ಹೆಗಲು, ಹದಿನಾರು ಮನೆಗಳನ್ನು ಹೊತ್ತ ಹೆಗಲು.

"ಜಲಜಕ್ಕ, ಬೆಟ್ಟ ಕಡಲಿಗೆ ಜಾರಿದರೆ ನೀರು ಏಳುತ್ತದೆ, ದಡದಲ್ಲಿ ನಿಲ್ಲಬೇಡ. ಬಂದರಿನ ಆಚೆ ಗುಡ್ಡಕ್ಕೆ ಓಡು," ಎಂದು ಕೂಗಿ, ಕೊನೆಯ ಅಂಚನ್ನು ಕಿತ್ತುಕೊಂಡು ಮೇಲೆ ಓಡಿದೆ.

ಎರಡು ಗಂಟೆಯ ಏರು ಅದು. ಕಾಲಿಗೆ ಬೂದಿ ಜಾರುತ್ತಿತ್ತು, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಐತಪ್ಪನವರು ಒಲೆಗೆ ಬೆಂಕಿ ಹಾಕಿ, ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಕೂತು ವೀಳ್ಯ ಜಗಿಯುತ್ತಿದ್ದರು. ನನ್ನ ಪಟ ಆಗಲೇ ಗೋಡೆ ಏರಿತ್ತು. ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಅಂಚನ್ನು ಪಟದ ಬುಡಕ್ಕೆ ಹಿಡಿದು ತೋರಿಸಿದೆ.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಅದು ಹೇಳುವ ಮಾತು ಅಂತಲೇ ತೋಚಲಿಲ್ಲ."

ಅವರು ಸುಳ್ಳುಗಾರ ಎಂದು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಒಳಗಿನಿಂದ ಹಿತ್ತಾಳೆಯ ಹರಿವಾಣ ತಂದು ಆ ಕಲ್ಲಿನ ಮೇಲಿಟ್ಟು ನೀರು ಹೊಯ್ದರು. "ನಮ್ಮಪ್ಪ ನೀರಿಟ್ಟು ಮಟ್ಟ ನೋಡಿಯೇ ಕೂರಿಸಿದ ಕಲ್ಲು ಇದು," ಎಂದರು. ನೀರು ಮನೆಯ ಕೆಳಗಿನ ಕಮರಿಯ ಕಡೆಯ ಅಂಚಿಗೆ ಹೋಗಿ ನಿಂತು, ಅಲ್ಲಿಂದ ತುಳುಕಿತು. ಈಚೆ ಬದಿಯಲ್ಲಿ ಹಿತ್ತಾಳೆ ಒಣಗಿಯೇ ಇತ್ತು.

ಐತಪ್ಪನವರು ಒಲೆಯ ಬೆಂಕಿಗೆ ನೀರು ಸುರಿದು, ಅಂಗಳಕ್ಕಿಳಿದು ಕೂಗಿದರು. "ಏಯ್, ಇಳೀರಿ! ಎಂತದೂ ಕಟ್ಬೇಡಿ, ಮಕ್ಕಳನ್ನು ಎತ್ತಿಕೊಳ್ಳಿ! ದಡಕ್ಕೆ ಬೇಡ, ಬಂದರಿನ ಗುಡ್ಡೆಗೆ!" ಗೊಣಗುತ್ತಲೇ ಎಲ್ಲರೂ ಹೊರಟರು. ಕೊನೆಗೆ ಹೊರಬಂದ ಗುರಿಕಾರರ ಕೈಯಲ್ಲಿ ಇದ್ದದ್ದು ಆ ಪಟ ಒಂದೇ. ಅದನ್ನು ನನ್ನ ಎದೆಗೆ ಒತ್ತಿ, "ನಿಮ್ಮದು ನೀವೇ ಇಟ್ಟುಕೊಳ್ಳಿ," ಎಂದರು. ಅವಮಾನದಿಂದ ನನ್ನ ಕಿವಿ ಬಿಸಿಯಾದವು. ಇವತ್ತು ನೆನೆದರೂ ಆಗುತ್ತವೆ.

ಮಧ್ಯಾಹ್ನ ತಿರುಗುವ ಹೊತ್ತಿಗೆ ಬಂದರಿನ ಗುಡ್ಡದ ಮೇಲೆ ಎಲ್ಲರ ತಲೆ ಎಣಿಸಿದೆವು. ಜಲಜಕ್ಕನೂ ಸೇರಿ ಒಬ್ಬರೂ ಕಡಿಮೆಯಿರಲಿಲ್ಲ. ಸಂಜೆಯೊಳಗೆ ಬೆಟ್ಟದ ಹೆಗಲು ಮನೆಗಳ ಸಮೇತ ಕಮರಿಗೂ ಕಡಲಿಗೂ ಜಾರಿತು. ಎದ್ದ ನೀರು ದಡದ ಶೆಡ್ಡುಗಳನ್ನೂ ನನ್ನ ನೆಗೆಟಿವ್‌ಗಳ ಪೆಟ್ಟಿಗೆಯನ್ನೂ ಬಳಿದುಕೊಂಡು ಹೋಯಿತು. ಧೂಳು ಇಳಿದ ಮೇಲೆ ಜಲಜಕ್ಕ ಅಳತೊಡಗಿದಳು.

ನಾನು ದ್ವೀಪ ಬಿಡುವ ದಿನ ಐತಪ್ಪನವರು ಹಡಗುಕಟ್ಟೆಗೆ ಬಂದರು. "ನಮ್ಮ ಮನೆಯ ಪಟ ಎಲ್ಲಿಯಾದ್ರೂ ಉಂಟಾ?" ಎಂದು ಕೇಳಿದರು.

ಉಳಿದ ಒಂದೇ ಪಟವನ್ನು ಬಿಚ್ಚಿ ತೋರಿಸಿದೆ. ನೆರೆಯವರ ಮಾಡುಗಳು, ಲವಂಗದ ಮರಗಳು, ನೇರವಾದ ಕಡಲು. ಅವರ ಮನೆ ಇದ್ದದ್ದು ಬಲಗಡೆಯ ಕೆಳತುದಿಯಲ್ಲಿ. ಅದನ್ನು ನಾನೇ ಕತ್ತರಿಸಿದ್ದೆ. ತಡಬಡಿಸಿ ಜೇಬಿನಿಂದ ಆ ಕಾಗದದ ಅಂಚನ್ನು ತೆಗೆದೆ. ಅದರ ದಪ್ಪ ತುದಿಯಲ್ಲಿ ಅವರ ಬಾಗಿಲು, ಅಪ್ಪ ಕೂರಿಸಿದ ಆ ಕಲ್ಲು, ಅದರ ಮೇಲೆ ಬಿಸಿಲು.

ಅವರು ಬೆರಳಿನಿಂದ ಕಲ್ಲನ್ನು ಸವರಿದರು. "ಇಷ್ಟು ಸಾಕು," ಎಂದು ಅಂಚನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಪಟವನ್ನು ನಾನು ಕತ್ತರಿ ತಾಕುವ ಮೊದಲು ಹೇಗಿತ್ತೋ ಹಾಗೆಯೇ ಓರೆಯಾಗಿ ಅಂಟಿಸಿದ್ದೇನೆ. ಕೆಳಗಿನ ಆ ಖಾಲಿ ಜಾಗದಲ್ಲಿ ಬೇರೇನನ್ನೂ ಹಾಕಿಲ್ಲ.