ಹೊತ್ತವಳ ಹೆಸರು

ಕಾಲುವೆ ನೀರು ನಿಂತು ನಿಂತು ಶಹಾಪುರ ಸೀಮೆಯ ಎಷ್ಟೋ ಹೊಲಗಳು ಸವುಳಾಗಿದ್ದವು. ಆ ಉಪ್ಪು ಮಣ್ಣಿನಲ್ಲೂ ಬೆಳೆಗೆ ಬಲ ಕೊಡುವ ಸೂಕ್ಷ್ಮಾಣುವೊಂದನ್ನು ಭೀಮರಾಯನಗುಡಿಯ ಪುಟ್ಟ ಪ್ರಯೋಗಾಲಯದಲ್ಲಿ ಯೂನುಸ ಸರ್ ಸೃಷ್ಟಿಸಿದ್ದರು. ಅದರ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರವಾಗಿ ಬರೆದು, ಯಂತ್ರದಲ್ಲಿ ಹೆಣೆದಿದ್ದರು. ಗಾಜಿನ ನಳಿಗೆಗಳನ್ನು ತೊಳೆದು, ಆ ಸೂಕ್ಷ್ಮಾಣುವಿಗೆ ದಿನವೂ ಆಹಾರ ಹಾಕುತ್ತಿದ್ದವಳು ದೇವಕಮ್ಮ. ಗಂಡ ತೀರಿದ ಮೇಲೆ ಅಲ್ಲಿನ ನೀರಾವರಿ ಕ್ಯಾಂಪಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು.

ಒಂದು ಮಧ್ಯಾಹ್ನ ಸರ್ ಅದನ್ನು ಹೊಲಕ್ಕೆ ಬಿಡಲು ಸರ್ಕಾರದ ಮಂಜೂರಾತಿಯ ಅರ್ಜಿ ತುಂಬುತ್ತಿದ್ದರು. ‘ಮೂಲ ಜೀವಿ’ ಎಂಬಲ್ಲಿ ‘ಇಲ್ಲ’ ಎಂದು ಬರೆದರು.

“ಇದಕ್ಕ ತಾಯಿ ಇಲ್ಲೇನ್ರಿ ಸರ?” ದೇವಕಮ್ಮ ಕೇಳಿದಳು.

“ಇಲ್ಲ. ನಾವೇ ಬರದೀವಲ್ಲ.”

“ಬರದದ್ದು ಖರೆ. ಜೀವ ಬಂದದ್ದು ಎಲ್ಲಿ?”

“ಶಿರವಾಳದ ಸವುಳು ಹೊಲದಾಗ ಸಿಕ್ಕ ಒಂದು ಕ್ರಿಮಿ ಒಳಗ. ಅದರ ಡಿಎನ್‌ಎ ಎಲ್ಲ ತಗದು ನಮ್ದು ಇಟ್ವಿ. ಅದರ ಗುರುತು ಏನೂ ಉಳಿದಿಲ್ಲ, ದೇವಕಮ್ಮ.”

ಅವಳು ಕೈಯಲ್ಲಿದ್ದ ನಳಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ನನ್ನ ಗುರುತೂ ಉಳಿದಿಲ್ರಿ. ಹನ್ನೆರಡು ವರ್ಷದ ಹಿಂದ ಹೈದರಾಬಾದಿನಾಗ ಬಾಡಿಗಿ ತಾಯಿ ಆಗಿದ್ದೆ. ಒಂಬತ್ತು ತಿಂಗಳು ಹೊತ್ತೆ. ಕೂಸಿನ ಕಾಗದದಾಗ ನನ್ನ ಹೆಸರು ಎಲ್ಲೂ ಇಲ್ಲ.”

ಸರ್ ಅವಳತ್ತ ತಿರುಗಿ ಕೇಳಿದರು, “ಗಂಡೋ, ಹೆಣ್ಣೋ?”

“ಹೇಳಲಿಲ್ರಿ. ಅಳೋದಷ್ಟ ಕೇಳಿಸ್ತು.”

ಅವರು ಅರ್ಜಿಯ ಕೊನೆಯ ಖಾಲಿ ಜಾಗದಲ್ಲಿ ಒಂದು ಸಾಲು ಸೇರಿಸಿದರು: ‘ಶಿರವಾಳದ ಮಣ್ಣಿನ ಕ್ರಿಮಿಯೊಂದು ಇದನ್ನು ಹೊತ್ತಿದೆ.’

ಎರಡು ತಿಂಗಳಿಗೆ ಅರ್ಜಿ ವಾಪಸು ಬಂತು. ಆ ಸಾಲು ಅನವಶ್ಯಕ, ತೆಗೆದು ಕಳಿಸಿ ಎಂದಿತ್ತು. ಸರ್ ಫೋನಿನಲ್ಲಿ ವಾದಿಸಿದರು, ಸೋತರು. ದೇವಕಮ್ಮ ಗಾಜು ತೊಳೆಯುತ್ತಿದ್ದಲ್ಲಿಗೇ ಬಂದು ವಿಷಯ ಹೇಳಿದರು.

“ನೀವರ ಒಮ್ಮೆ ಆ ಸಾಲು ಬರದಿದ್ರಲ್ರಿ,” ಎಂದಳು. “ನನಗ ಅಷ್ಟೂ ಯಾರೂ ಮಾಡಿರಲಿಲ್ಲ.”

ಆ ಭಾನುವಾರ ಅವಳು ಬಸ್ಸು ಹತ್ತಿ ಶಿರವಾಳಕ್ಕೆ ಹೋದಳು. ಕಾಲುವೆಯ ಕೆಳಗೆ ಹೊಲಗಳು ಬೂದಿ ಚೆಲ್ಲಿದಂತೆ ಬಿಳುಪಾಗಿದ್ದವು. ಆ ಕ್ರಿಮಿ ಸಿಕ್ಕದ್ದು ಯಾವ ಹೊಲದಲ್ಲೆಂದು ಅವಳು ಸರ್ ಅವರನ್ನು ಕೇಳಿರಲೇ ಇಲ್ಲ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು.

“ಯಾರ್ನ ನೋಡಾಕ ಬಂದೀ ಅಕ್ಕಾ?”

ದೇವಕಮ್ಮ ಹೊಲಗಳ ಉದ್ದಕ್ಕೂ ಕಣ್ಣಾಡಿಸಿದಳು.

“ಯಾರ್ನೂ ಇಲ್ಲವ್ವ. ನಾಕರ ಬಸ್ಸಿಗಿ ಹೋಗ್ತೀನಿ.”

“ಅಲ್ಲೀತನ ಬಿಸಲಾಗ ಕುಂದ್ರತೀಯೇನು?”

“ಕುಂದ್ರತೀನಿ.”

ಹೆಂಗಸು ಮತ್ತೆ ಹುಲ್ಲಿಗೆ ಬಾಗಿದಳು. ದೇವಕಮ್ಮ ಸೆರಗು ತಲೆಗೆಳೆದುಕೊಂಡು, ಆ ಬಿಳಿ ಮಣ್ಣಿನ ಮೇಲೆ ಅಂಗೈ ಊರಿ ಕುಳಿತಳು.